ಹಿಡಿದು ತಂದ ಸಾಲಮಾಂಡರ್ 11 ದಿನದಿಂದ ಏನೂ ತಿಂದಿಲ್ಲ, ಏನು ಮಾಡಲಿ? (ಪುಣೆ)

ಕೊತ್ರೂಡ್_ಅಕ್ಕ | ಏಪ್ರಿಲ್ 24, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೀನು ಸಾಕುವವರು ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಮ್ಮ ಮುಂಬೈಯಲ್ಲಿದ್ದ. ಬೆಂಗಳೂರಿಗೆ ವರ್ಗವಾಗಿ ಹೋಗುವಾಗ ಒಂದು ಸಾಲಮಾಂಡರ್ (ನೋಡಲು ಹಲ್ಲಿಯ ಹಾಗೆ, ಆದರೆ ಕಪ್ಪೆಯ ಕಡೆಯ ಪ್ರಾಣಿ) ನನ್ನ ಮನೆಯಲ್ಲಿ ಬಿಟ್ಟು ಹೋದ. "ಇದು ಸಾಕಿ ಬೆಳೆಸಿದ್ದಲ್ಲ, ಹೊರದೇಶದಲ್ಲಿ ಹಿಡಿದು ತಂದದ್ದು" ಅಂತ ಅಂಗಡಿಯವನು ಹೇಳಿದ್ದನಂತೆ. ತಮ್ಮನ ಹತ್ತಿರ ಇದ್ದದ್ದು ಆರು ದಿನ, ಅಲ್ಲೂ ತಿಂದಿಲ್ಲ. ಇಲ್ಲಿಗೆ ಬಂದು ಐದು ದಿನ. ಒಟ್ಟು 11 ದಿನ ಆಯ್ತು.

ಉದ್ದ 8 ಸೆಂಟಿಮೀಟರ್ ಇರಬಹುದು. ಬೆನ್ನು ಕಪ್ಪು. ಹೊಟ್ಟೆ ಕಿತ್ತಳೆ ಕೆಂಪು, ಮೇಲೆ ಕಪ್ಪು ಮಚ್ಚೆ. ಎರಡಡಿ ಟ್ಯಾಂಕ್, ಫಿಲ್ಟರ್ ಓಡುತ್ತಿದೆ, ತಳದಲ್ಲಿ ಬಣ್ಣದ ಕಲ್ಲು. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ.

ಮೀನಿನ ಕಾಳು ಹಾಕಿದೆ, ಮೂಸಿಯೂ ನೋಡಲಿಲ್ಲ. ಕೋಳಿ ಮಾಂಸದ ಚೂರು ಹಾಕಿದೆ, ನೀರು ಹಾಳಾಯ್ತು ಅಷ್ಟೇ. ಮೊನ್ನೆ ನಮ್ಮ ಸೊಸೈಟಿಯ ಎರೆಗೊಬ್ಬರದ ಗುಂಡಿಯಿಂದ ಹುಳ ತಂದು ಹಾಕಿದೆ. ಹತ್ತಿರ ಬಂತು, ಬಾಯಿ ಹಾಕಿತು, ಎರಡೇ ಸೆಕೆಂಡಿನಲ್ಲಿ ಉಗುಳಿ ಹಿಂದೆ ಸರಿಯಿತು. ಆಮೇಲೆ ಮುಂಗಾಲಿನಿಂದ ಬಾಯಿ ಒರೆಸಿಕೊಂಡಿತು. ಅದನ್ನು ನೋಡಿ ನನಗೆ ತುಂಬಾ ಸಂಕಟ ಆಯ್ತು.

ಸೊಂಟದ ಮೂಳೆ ಸ್ವಲ್ಪ ಕಾಣುತ್ತಿದೆ. ದಯವಿಟ್ಟು ಯಾರಾದರೂ ಹೇಳಿ.

ಹುಬ್ಳಿ_ಹುಡ್ಗ_ಪಿಂಪ್ರಿ

ಹೊಟ್ಟೆ ಕಾಣೋ ಹಂಗ ಒಂದು ಫೋಟೋ ಹಾಕ್ರಿ ಅಕ್ಕಾರ.

ಕೊತ್ರೂಡ್_ಅಕ್ಕ

ಹಾಕಿದ್ದೇನೆ. ಗಾಜು ಹತ್ತಿಕೊಂಡು ಮೇಲೆ ಬಂದಾಗ ಕೆಳಗಿನಿಂದ ತೆಗೆದದ್ದು.

ಡೊಂಬಿವಲಿ_ಹವ್ಯಾಸಿ

ಅಕ್ಕ, ಇದು ಫೈರ್ ಬೆಲ್ಲಿ ನ್ಯೂಟ್. ಸಾಲಮಾಂಡರ್ ಬಳಗದ್ದೇ, ಆದರೆ ದೊಡ್ಡದಾದ ಮೇಲೂ ಹೆಚ್ಚು ಹೊತ್ತು ನೀರಲ್ಲೇ ಇರುತ್ತದೆ. ಚೀನಾದ ಪೂರ್ವ ಭಾಗದ್ದು, ಸೈನಾಪ್ಸ್ ಓರಿಯೆಂಟಾಲಿಸ್ ಅಂತ ಹೆಸರು. ಜಪಾನಿನಲ್ಲಿ ಇದರ ದಾಯಾದಿ ಒಂದಿದೆ, ಗಾತ್ರದಲ್ಲಿ ಇದಕ್ಕಿಂತ ದೊಡ್ಡದು. ಅಂಗಡಿಗೆ ಬರುವ ಚೀನಾದವು ಹೆಚ್ಚಾಗಿ ಹಿಡಿದು ತಂದವೇ ಇರುತ್ತವೆ.

ನಾನು ಎರಡು ಸಾಕಿದ್ದೆ, ಒಂದು ಏಳು ವರ್ಷ ಇತ್ತು. ಊಟದ ವಿಷಯ ಆಮೇಲೆ ಮಾತಾಡೋಣ. ಮೊದಲು ಹೇಳಿ, ನೀರು ಎಷ್ಟು ಡಿಗ್ರಿ ಇದೆ?

ಇನ್ನೊಂದು ಮಾತು. ಟ್ಯಾಂಕಿಗೆ ಮುಚ್ಚಳ ಇದೆಯಾ? ಗಾಜು ಹತ್ತುವ ಪ್ರಾಣಿ ಇದು. ನನ್ನ ಎರಡನೆಯದು ಹಾಗೆ ಹೊರಗೆ ಬಂದು ಸೋಫಾ ಕೆಳಗೆ ಒಣಗಿ ಸತ್ತಿತು. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಇವತ್ತೇ ಮುಚ್ಚಿಬಿಡಿ, ಸೊಳ್ಳೆಪರದೆಯ ಬಟ್ಟೆ ಆದರೂ ಸಾಕು, ಸುತ್ತ ರಬ್ಬರ್ ಬ್ಯಾಂಡ್ ಹಾಕಿ.

ಮುಲುಂಡ್_ಶೆಟ್ರು

ಹಿಡಿದು ತಂದ ಪ್ರಾಣಿ ಮನೆಯೊಳಗೆ ಊಟ ಬಿಡುವುದು ಸಹಜ. ಅದನ್ನು ಯಾಕೆ ಒದ್ದಾಡಿಸುತ್ತೀರಿ ಮಾರಾಯ್ರೆ? ಮುಳಶಿ ಕಡೆ ಒಳ್ಳೆಯ ತೊರೆ ಇದೆ, ಒಯ್ದು ಬಿಟ್ಟುಬಿಡಿ. ಪುಣ್ಯ ಬರುತ್ತದೆ.

ನೆರೂಳ್_ಟೀಚರ್

ಶೆಟ್ರೇ, ದಯವಿಟ್ಟು ಆ ಸಲಹೆ ಯಾರಿಗೂ ಕೊಡಬೇಡಿ. ನಾನು 18 ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ, ಈ ವಿಷಯ ಬಂದಾಗ ಸುಮ್ನೆ ಇರಲಿಕ್ಕೆ ಆಗುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಫೈರ್ ಸಾಲಮಾಂಡರ್ ಅಂತ ಹಳದಿ ಕಪ್ಪು ಬಣ್ಣದ ಜೀವಿ ಇತ್ತು. ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲಾ ಸತ್ತವು. ಯಾಕೆ ಅಂತ ಹುಡುಕಿದಾಗ 2013ರಲ್ಲಿ ಚರ್ಮ ತಿನ್ನುವ ಒಂದು ಹೊಸ ಶಿಲೀಂಧ್ರ ಸಿಕ್ಕಿತು. ಚುಟುಕಾಗಿ ಬಿಸಾಲ್ ಅನ್ನುತ್ತಾರೆ. ಅದರ ಮೂಲ ಏಷ್ಯಾದ ನ್ಯೂಟ್‌ಗಳು. ಅವುಗಳಲ್ಲಿ ಕೆಲವು ರೋಗ ಹೊತ್ತುಕೊಂಡೇ ಚೆನ್ನಾಗಿ ಬದುಕುತ್ತವೆ. ಸಾಕುಪ್ರಾಣಿ ವ್ಯಾಪಾರದ ಜೊತೆ ಅದು ಯುರೋಪಿಗೆ ಬಂತು ಅಂತ ತಿಳಿದವರ ಅಭಿಪ್ರಾಯ. ಇದೇ ಭಯಕ್ಕೆ ಅಮೆರಿಕ 2016ರಲ್ಲಿ 20 ಕುಲದ ಸಾಲಮಾಂಡರ್‌ಗಳ ಆಮದು ನಿಲ್ಲಿಸಿತು.

ನಮ್ಮ ಸಹ್ಯಾದ್ರಿಯಲ್ಲಿ ಎಂತೆಂಥ ಕಪ್ಪೆಗಳಿವೆ! ಅಂಬೋಲಿಯ ನೆಲಗಪ್ಪೆ ಒಂದಿದೆ, ಹುಲಿಯ ಪಟ್ಟೆಯಂಥ ಗುರುತಿನದು, 2009ರಲ್ಲಿ ಹೆಸರಿಟ್ಟದ್ದು. ಅದು ಇರುವುದೇ ಒಂದು ಸಣ್ಣ ಜಾಗದಲ್ಲಿ. ಅಂಥ ಕಡೆ ಹೊರಗಿನ ರೋಗ ಹೋದರೆ ಏನು ಗತಿ? ಪ್ರಾಣಿ ಬಿಡುವುದು ಹಾಗಿರಲಿ, ಅಕ್ಕ, ಟ್ಯಾಂಕಿನ ನೀರನ್ನೂ ತೊರೆಗೆ, ಕೆರೆಗೆ ಚೆಲ್ಲಬೇಡಿ. ಬ್ಲೀಚಿಂಗ್ ಪುಡಿ ಹಾಕಿಟ್ಟು ಆಮೇಲೆ ಟಾಯ್ಲೆಟ್‌ಗೆ ಸುರಿಯಿರಿ.

ಮುಲುಂಡ್_ಶೆಟ್ರು

ಟೀಚರ್, ರೋಗದ ವಿಷಯ ನನಗೆ ಗೊತ್ತಿರಲಿಲ್ಲ. ಬಿಡುವ ಮಾತು ವಾಪಸ್ ತೆಗೆದುಕೊಂಡೆ. ಆದರೆ ಹಿಡಿದು ತಂದು ಮಾರುವುದು ತಪ್ಪು ಅನ್ನುವ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ನೆರೂಳ್_ಟೀಚರ್

ಅದರಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ.

ಥಾಣೆ_ತಾರೆ

ಒಂದು ನಿಮಿಷ. ನಮ್ಮ ದೇಶದ ಸಾಲಮಾಂಡರ್ ಆದರೆ ಕಾನೂನಿನ ತೊಂದರೆ ಇದೆ ಅಲ್ವಾ? ಡಾರ್ಜಿಲಿಂಗ್ ಕಡೆ ಇರುತ್ತವಲ್ಲ?

ಡೊಂಬಿವಲಿ_ಹವ್ಯಾಸಿ

ಇದು ಅದಲ್ಲ. ಡಾರ್ಜಿಲಿಂಗ್‌ನದು ಟೈಲೋಟೋಟ್ರೈಟಾನ್. ಮೈ ಕಂದು ಬಣ್ಣ, ಒರಟು, ಬೆನ್ನಿನ ಎರಡೂ ಪಕ್ಕ ಗಂಟುಗಳ ಸಾಲು, ಗಾತ್ರವೂ ಇದರ ಹತ್ತಿರ ಹತ್ತಿರ ಎರಡರಷ್ಟು. ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಜೋರ್‌ಪೋಖ್ರಿಯಲ್ಲಿ ಅದಕ್ಕಾಗಿಯೇ ಒಂದು ಅಭಯಾರಣ್ಯ ಇದೆ. ಯಾರಾದರೂ ಅದನ್ನು ಮಾರಲಿಕ್ಕೆ ಬಂದರೆ ನೇರ ಅರಣ್ಯ ಇಲಾಖೆಗೆ ಹೇಳಿ.

2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳನ್ನೂ ನೋಂದಣಿ ಮಾಡಿಸಬೇಕು, ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ. ಆಕ್ಸೊಲಾಟಲ್ ಅನ್ನುವ ಮೆಕ್ಸಿಕೋದ ಸಾಲಮಾಂಡರ್ ಸಾಕುವವರು ಇಲ್ಲಿ ಎಷ್ಟೋ ಜನ ಇದ್ದೀರಿ, ಅದು ಆ ಪಟ್ಟಿಯಲ್ಲಿದೆ, ನೆನಪಿರಲಿ. ಅಕ್ಕ, ನಿಮ್ಮ ತಮ್ಮನ ಹತ್ತಿರ ಅಂಗಡಿಯ ಬಿಲ್ ಇದ್ದರೆ ತರಿಸಿ ಇಟ್ಟುಕೊಳ್ಳಿ.

ಕೊತ್ರೂಡ್_ಅಕ್ಕ | ಏಪ್ರಿಲ್ 25, ಸಂಜೆ 6:15

ಬಿಲ್ ಕೊಟ್ಟಿಲ್ಲವಂತೆ. ತಮ್ಮನಿಗೆ ಚೆನ್ನಾಗಿ ಬೈದೆ.

ಮುಚ್ಚಳ ಹಾಕಿದೆ. ಗಾಜಿಗೆ ಅಂಟಿಸುವ ಥರ್ಮಾಮೀಟರ್ ತಂದೆ. ಬೆಳಿಗ್ಗೆ 6 ಗಂಟೆಗೆ 28. ಮಧ್ಯಾಹ್ನ 3ಕ್ಕೆ 31.

ಡೊಂಬಿವಲಿ_ಹವ್ಯಾಸಿ

ಅಲ್ಲಿದೆ ನೋಡಿ ತೊಂದರೆ. ಇದಕ್ಕೆ 16ರಿಂದ 21 ಡಿಗ್ರಿ ಹಿತ. 24 ದಾಟಿದರೆ ಸುಸ್ತಾಗುತ್ತದೆ. 31ರಲ್ಲಿ ಅದು ಬದುಕಿದ್ದೇ ದೊಡ್ಡದು. ನೀರು ಬಿಸಿ ಆದಷ್ಟೂ ಆಮ್ಲಜನಕ ಕಡಿಮೆ, ಹಸಿವು ಸಾಯುತ್ತದೆ, ಮೈಗೆ ಬೂಷ್ಟು ಬೇಗ ಹಿಡಿಯುತ್ತದೆ. ಈಗ ಎಂಥ ಮೃಷ್ಟಾನ್ನ ಹಾಕಿದರೂ ತಿನ್ನುವುದಿಲ್ಲ. ಜ್ವರ ಬಂದವರ ಮುಂದೆ ಹೋಳಿಗೆ ಇಟ್ಟ ಹಾಗೆ.

ಹುಬ್ಳಿ_ಹುಡ್ಗ_ಪಿಂಪ್ರಿ

ಅಕ್ಕಾರ, ಹಳೇ ಮನಿ ಏನು ನಿಮ್ಮದು? ಶಹಾಬಾದ್ ಕಲ್ಲಿನ ನೆಲ ಇದ್ದರೆ ಟ್ಯಾಂಕ್ ನೆಲದ ಮೇಲೇ ಇಡ್ರಿ. ಬಿಸಿಲು ಬರುವ ಕಡೆ ಬೇಡ. ನೀರಿನ ಮೇಲೆ ಅಡ್ಡಡ್ಡ ಗಾಳಿ ಹೋಗುವ ಹಾಗೆ ಸಣ್ಣ ಟೇಬಲ್ ಫ್ಯಾನ್ ಹಚ್ಚರಿ. ನಾನು ಸೀಗಡಿ ಸಾಕ್ತೀನಿ, ಪ್ರತಿ ಬೇಸಿಗೆ ಇದನ್ನೇ ಮಾಡ್ತೀನಿ. 4 ಡಿಗ್ರಿ ಇಳಿತದ.

ಮುಲುಂಡ್_ಶೆಟ್ರು

ಫ್ಯಾನ್‌ನಿಂದ ಏನೂ ಆಗುವುದಿಲ್ಲ. ನಾನು ಹೋದ ವರ್ಷ ಮೇ ತಿಂಗಳಲ್ಲಿ ಮೀನಿನ ಟ್ಯಾಂಕಿಗೆ ಇಟ್ಟು ನೋಡಿದ್ದೇನೆ. ಹಗಲು ರಾತ್ರಿ ಓಡಿಸಿದರೂ ಒಂದೇ ಡಿಗ್ರಿ ಇಳಿದದ್ದು.

ಹುಬ್ಳಿ_ಹುಡ್ಗ_ಪಿಂಪ್ರಿ

ನನಗ 4 ಇಳಿದದ್ದು ಸುಳ್ಳಾ ಹಂಗಾರ?

ನೆರೂಳ್_ಟೀಚರ್

ಇಬ್ಬರೂ ಸರಿ. ಫ್ಯಾನ್ ನೀರನ್ನು ನೇರವಾಗಿ ತಂಪು ಮಾಡುವುದಿಲ್ಲ, ಆವಿ ಮಾಡಿಸುತ್ತದೆ. ಆವಿ ಹೋಗುವಾಗ ಶಾಖ ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೇ. ಪುಣೆಯಲ್ಲಿ ಏಪ್ರಿಲ್ ಅಂದರೆ ಒಣ ಸೆಕೆ, ಗಾಳಿ ನೀರನ್ನು ಬೇಗ ಹೀರುತ್ತದೆ. ಮುಂಬೈ ಗಾಳಿಯಲ್ಲಿ ಮೊದಲೇ ಸಮುದ್ರದ ತೇವ ತುಂಬಿರುತ್ತದೆ, ಇನ್ನಷ್ಟು ಹೀರಲಿಕ್ಕೆ ಜಾಗ ಇಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ ಅಲ್ವಾ ಶೆಟ್ರೇ, ಇನ್ನು ಟ್ಯಾಂಕ್ ಎಲ್ಲಿ ತಣ್ಣಗಾಗಬೇಕು?

ಮುಲುಂಡ್_ಶೆಟ್ರು

ಇದು ಒಪ್ಪುವ ಮಾತು.

ಮಡಗಾಂವ್_ಮಾಣಿ

ಗೋವಾದಲ್ಲೂ ಮುಂಬೈ ಕಥೆಯೇ. ನಮ್ಮಲ್ಲಿ ಇಂಥವನ್ನು ಸಾಕಬೇಕಾದರೆ ಚಿಲ್ಲರ್ ಹಾಕಬೇಕು, ಇಲ್ಲ ಏಸಿ ರೂಮಲ್ಲಿ ಇಡಬೇಕು. ಅದರ ಖರ್ಚು ಪ್ರಾಣಿಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ.

ಡೊಂಬಿವಲಿ_ಹವ್ಯಾಸಿ

ಅಕ್ಕ, ಫ್ಯಾನ್ ಹಾಕಿ. ಜೊತೆಗೆ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಾಟಲಿ ಸಮೇತ ಒಂದು ಮೂಲೆಯಲ್ಲಿ ತೇಲಿಬಿಡಿ. ಬರೀ ಐಸ್ ಹಾಕಬೇಡಿ, ನಲ್ಲಿ ನೀರಿನ ಕ್ಲೋರಿನ್ ಅದರಲ್ಲೂ ಇರುತ್ತದೆ. ಒಂದೇ ದಿನದಲ್ಲಿ 31ರಿಂದ 20ಕ್ಕೆ ಇಳಿಸಬೇಡಿ, ಆ ಏರಿಳಿತವೂ ಅಪಾಯ. ದಿನಕ್ಕೆ ಎರಡು ಮೂರು ಡಿಗ್ರಿ ಸಾಕು.

ಫಿಲ್ಟರ್ ಯಾವುದು? ನೀರು ಜೋರಾಗಿ ತಳ್ಳುವಂಥದ್ದಾದರೆ ತೆಗೆಯಿರಿ. ಇವು ನಿಂತ ನೀರಿನ ಜೀವಿ. ಗದ್ದೆ, ಹೊಂಡ, ಕೊಳ. ಹರಿವು ಇದ್ದರೆ ಇಡೀ ದಿನ ಈಜಿ ಈಜಿ ದಣಿಯುತ್ತವೆ. ಸ್ಪಂಜ್ ಫಿಲ್ಟರ್ ಸಾಕು. ಬಣ್ಣದ ಕಲ್ಲೂ ತೆಗೆಯಿರಿ, ಊಟದ ಜೊತೆ ಸಣ್ಣ ಕಲ್ಲು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ.

ಅಡಗಲಿಕ್ಕೆ ಜಾಗ ಮಾಡಿ. ಒಡೆದ ಕುಂಡದ ಚೂರು ಬೋರಲು ಹಾಕಿ, ಹೈಡ್ರಿಲಾ ಗಿಡ ತುಂಬಾ ಹಾಕಿ, ಮೇಲೆ ಹತ್ತಿ ಕೂರಲು ಒಂದು ಥರ್ಮಕೋಲ್ ತುಂಡು. ಮೂರು ಕಡೆ ಗಾಜಿಗೆ ಕಾಗದ ಅಂಟಿಸಿ. ಟಿವಿ ಪಕ್ಕದಿಂದಂತೂ ತೆಗೆಯಲೇಬೇಕು. ಆಮೇಲೆ ನಾಲ್ಕು ದಿನ ಏನೂ ಹಾಕಬೇಡಿ, ಮುಟ್ಟಬೇಡಿ, ಇಣುಕಬೇಡಿ.

ಕೊತ್ರೂಡ್_ಅಕ್ಕ

ಇನ್ನೂ ನಾಲ್ಕು ದಿನ ಉಪವಾಸವಾ? ಸತ್ತು ಹೋದರೆ?

ಡೊಂಬಿವಲಿ_ಹವ್ಯಾಸಿ

ಬೆಳೆದ ನ್ಯೂಟ್ ಕೆಲವು ವಾರ ತಡೆಯುತ್ತದೆ. ತಂಪಿನಲ್ಲಿ ಇನ್ನೂ ಚೆನ್ನಾಗಿ ತಡೆಯುತ್ತದೆ. ಅದನ್ನು ಕೊಲ್ಲುವುದು ಸೆಕೆ, ಹಸಿವಲ್ಲ. ನಂಬಿ.

ಥಾಣೆ_ತಾರೆ

ಬಾಯಿ ಬಿಡಿಸಿ ತಿನ್ನಿಸುವ ವಿಡಿಯೋ ನೋಡಿದ್ದೆ. ಅದು ಮಾಡಬಹುದಲ್ಲ?

ಡೊಂಬಿವಲಿ_ಹವ್ಯಾಸಿ

ಬೇಡವೇ ಬೇಡ. ದವಡೆ ಬೆಂಕಿಕಡ್ಡಿಗಿಂತ ತೆಳು. ಮೊದಲೇ ಹೆದರಿದ ಪ್ರಾಣಿ. ಅದು ಕೊನೆಯ ದಾರಿ, ಅದನ್ನೂ ಡಾಕ್ಟರೇ ಮಾಡಬೇಕು.

ನೆರೂಳ್_ಟೀಚರ್

ಕೈಯಲ್ಲಿ ಹಿಡಿಯುವ ಮಾತು ಬಂದದ್ದರಿಂದ ಹೇಳುತ್ತೇನೆ. ಇದರ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಇದೆ. ಜಪಾನಿನ ಫುಗು ಮೀನಿನಲ್ಲಿ ಇರುವ ವಿಷವೇ. ಹೊಟ್ಟೆಯ ಕೆಂಪು ಬಣ್ಣ ಅದರ ಎಚ್ಚರಿಕೆ. ಹೆದರಿದಾಗ ತಲೆ, ಬಾಲ ಎರಡೂ ಮೇಲೆತ್ತಿ ಬಿಲ್ಲಿನ ಹಾಗೆ ಬಾಗಿ ಆ ಕೆಂಪು ತೋರಿಸುತ್ತದೆ. ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ಆದರೆ ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪು ಹಾಕಿ ತೊಳೆಯಿರಿ. ಮಕ್ಕಳಿದ್ದರೆ ಹೇಳಿಡಿ. ಟ್ಯಾಂಕಿನ ಪಾತ್ರೆ, ಬಕೆಟ್ ಅಡುಗೆಮನೆಗೆ ತರಬೇಡಿ.

ಕೊತ್ರೂಡ್_ಅಕ್ಕ

ಅಯ್ಯೋ, ನಾನು ಸಾರಿನ ಸೌಟಿನಲ್ಲಿ ಅದನ್ನು ಎತ್ತಿದ್ದೆ! ಆ ಸೌಟು ಈಗಲೇ ಟ್ಯಾಂಕಿಗೆ ಮೀಸಲು.

ಮಡಗಾಂವ್_ಮಾಣಿ | ಏಪ್ರಿಲ್ 27

ಊಟಕ್ಕೆ ನನ್ನ ಸಲಹೆ: ಸೊಳ್ಳೆ ಮರಿ. ಬಕೆಟ್‌ನಲ್ಲಿ ನೀರು, ನಾಲ್ಕು ಒಣ ಎಲೆ, ಬಾಲ್ಕನಿಯಲ್ಲಿ ಒಂದು ವಾರ. ನೀರೊಳಗೆ ಕುಣಿಯುತ್ತಿರುತ್ತವೆ, ಕಾಡಿನ ನ್ಯೂಟ್‌ಗೆ ಅದು ಹುಟ್ಟಿನಿಂದ ಗೊತ್ತಿರುವ ಊಟ. ಖರ್ಚೂ ಇಲ್ಲ.

ಥಾಣೆ_ತಾರೆ

ದಯವಿಟ್ಟು ಬೇಡ! ಹೋದ ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗ್‌ನಲ್ಲಿ ನಾಲ್ಕು ಜನಕ್ಕೆ ಡೆಂಗಿ. ನನ್ನ ಮಗಳನ್ನು ಆರು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಮಹಾನಗರಪಾಲಿಕೆಯವರು ಮನೆಮನೆಗೆ ಬಂದು ಕುಂಡದ ತಟ್ಟೆಯನ್ನೂ ಎತ್ತಿ ನೋಡುತ್ತಾರೆ. ಬೇಕಂತಲೇ ಸೊಳ್ಳೆ ಬೆಳೆಸುವುದಾ?

ಮಡಗಾಂವ್_ಮಾಣಿ

ಹಾರುವುದರೊಳಗೆ ಹಿಡಿದು ಹಾಕಿದರೆ ಆಯ್ತಲ್ಲ. ಬಟ್ಟೆ ಕಟ್ಟಿದರೆ ಹೊರಗೆ ಹೋಗುವುದಿಲ್ಲ.

ಥಾಣೆ_ತಾರೆ

ಒಂದು ದಿನ ಮರೆತರೆ? ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ ಹತ್ತು ದಿನ ಸಾಕು. ನೀವು ಹೇಳಿದ್ದೂ ಒಂದು ವಾರ.

ಮಡಗಾಂವ್_ಮಾಣಿ

ಸರಿ ಅಕ್ಕ, ನಿಮ್ಮ ಮಗಳ ವಿಷಯ ಕೇಳಿದ ಮೇಲೆ ವಾದ ಮಾಡುವುದಿಲ್ಲ. ಫ್ಲ್ಯಾಟ್‌ನಲ್ಲಿ ಇರುವವರು ಡಾಫ್ನಿಯಾ ಬೆಳೆಸಿ, ಚುಕ್ಕೆಯಷ್ಟು ಚಿಕ್ಕ ನೀರಿನ ಜೀವಿ ಅದು. ಬಿಸಿಲಿಗೆ ಹಸಿರಾದ ನೀರಲ್ಲಿ ತಾನೇ ಹೆಚ್ಚುತ್ತದೆ, ಕಚ್ಚುವುದಿಲ್ಲ. ಮೇಲೆ ಬಟ್ಟೆ ಮಾತ್ರ ಕಟ್ಟಲೇಬೇಕು.

ಕೊತ್ರೂಡ್_ಅಕ್ಕ | ಏಪ್ರಿಲ್ 28, ಬೆಳಿಗ್ಗೆ 7:05

ತುರ್ತು! ನೀವು ಹೇಳಿದ್ದೆಲ್ಲಾ ಮಾಡಿದೆ. ಮಲಗುವ ಕೋಣೆಯ ನೆಲದ ಮೇಲೆ ಇಟ್ಟಿದ್ದೇನೆ, ಫ್ಯಾನ್, ಬಾಟಲಿ ಎಲ್ಲಾ ಸೇರಿ ಈಗ ಹಗಲು 24, ರಾತ್ರಿ 22. ಆದರೆ ಇವತ್ತು ಬೆಳಿಗ್ಗೆ ನೋಡಿದರೆ ಮೈಮೇಲೆ ತೆಳು ಬಿಳಿ ಪೊರೆ, ಒಂದು ಕಾಲಿನ ಹತ್ತಿರ ಜೋತು ಬಿದ್ದಿದೆ. ಬೂಷ್ಟು ಬಂತಾ? ಉಪ್ಪು ಹಾಕಲಾ?

ನೆರೂಳ್_ಟೀಚರ್

ಏನೂ ಹಾಕಬೇಡಿ, ಮೊದಲು ಸರಿಯಾಗಿ ನೋಡಿ. ಹತ್ತಿಯ ಹಾಗೆ ಎಳೆ ಎಳೆಯಾಗಿ ಒಂದೇ ಜಾಗದಲ್ಲಿ ಅಂಟಿಕೊಂಡಿದ್ದರೆ ಬೂಷ್ಟು. ತೆಳು ಪ್ಲಾಸ್ಟಿಕ್ ಹಾಳೆಯ ಹಾಗೆ, ಬೆರಳಿನ ಆಕಾರದ ಸಮೇತ ಬರುತ್ತಿದ್ದರೆ ಪೊರೆ ಬಿಡುತ್ತಿದೆ ಅಂತ ಅರ್ಥ.

ಕೊತ್ರೂಡ್_ಅಕ್ಕ

ಬೆರಳಿನ ಆಕಾರ ಇದೆ! ಪುಟ್ಟ ಕೈಗವಸಿನ ಹಾಗೆ, ನಾಲ್ಕು ಬೆರಳೂ ಇದೆ. ಟೈಪ್ ಮಾಡುತ್ತಿರುವಾಗಲೇ ತಿರುಗಿ ಅದನ್ನು ಬಾಯಲ್ಲಿ ಹಿಡಿದು ಎಳೆಯುತ್ತಿದೆ. ನುಂಗುತ್ತಿದೆ. ಪೂರ್ತಿ ನುಂಗಿತು!

ನೆರೂಳ್_ಟೀಚರ್

ಬಹಳ ಸಂತೋಷ. ತಮ್ಮ ಪೊರೆ ತಾವೇ ತಿನ್ನುವುದು ಇವುಗಳ ಅಭ್ಯಾಸ. ಬಾಯಿ, ಗಂಟಲು ಸರಿಯಾಗಿದೆ ಅಂತ ಇದರಿಂದಲೇ ಗೊತ್ತಾಯ್ತು. ಇನ್ನು ಊಟ ಕೊಟ್ಟು ನೋಡಬಹುದು.

ಹುಬ್ಳಿ_ಹುಡ್ಗ_ಪಿಂಪ್ರಿ

ಓದಿ ಮೈ ಜುಮ್ ಅಂತು. ಛಲೋ ಆತು ಬಿಡ್ರಿ.

ಔಂಧ್_ತೋಟ | ಏಪ್ರಿಲ್ 28, ರಾತ್ರಿ 8:30

ಮೊದಲಿಂದ ಈಗ ಓದಿದೆ. ನಾನು ಪ್ರಾಣಿ ಸಾಕುವವನಲ್ಲ, ನಿವೃತ್ತನಾದ ಮೇಲೆ 12 ವರ್ಷದಿಂದ ಎರೆಗೊಬ್ಬರ ಮಾಡುತ್ತಿದ್ದೇನೆ. ತಂಗೀ, ನೀವು ಬರೆದ ಒಂದು ವಾಕ್ಯ ಯಾರೂ ಗಮನಿಸಲಿಲ್ಲ ಅನ್ನಿಸಿತು. ಹುಳ ಬಾಯಿಗೆ ಹಾಕಿತು, ಉಗುಳಿತು, ಬಾಯಿ ಒರೆಸಿಕೊಂಡಿತು. ಅಂದರೆ ಆ ಸೆಕೆಯಲ್ಲೂ ಅದಕ್ಕೆ ತಿನ್ನುವ ಆಸೆ ಇತ್ತು. ಹುಳದ ರುಚಿ ಸೇರಲಿಲ್ಲ.

ಗೊಬ್ಬರದ ಗುಂಡಿಯ ಹುಳ ಎಲ್ಲಾ ಒಂದೇ ಅಲ್ಲ. ತೆಳ್ಳಗೆ, ಕೆಂಪಗೆ, ಮೈಮೇಲೆ ಹಳದಿ ಉಂಗುರ ಉಂಗುರ ಗೆರೆ ಇರುವ ಹುಳ ಒಂದಿದೆ, ಐಸೀನಿಯಾ ಫೆಟಿಡಾ. ಅದನ್ನು ಒತ್ತಿದರೆ ಹಳದಿ ರಸ ಬಿಡುತ್ತದೆ, ನಾರುತ್ತದೆ. ಫೆಟಿಡಾ ಅನ್ನುವ ಹೆಸರಿನ ಅರ್ಥವೇ ನಾರುವುದು ಅಂತ. ನನ್ನ ತೋಟಕ್ಕೆ ಬರುವ ಹಕ್ಕಿಗಳು ಅದನ್ನು ಬಿಟ್ಟು ಮಣ್ಣಿನ ಹುಳವನ್ನೇ ಹೆಕ್ಕುವುದು ನೋಡಿದ್ದೇನೆ. ನಿಮ್ಮ ಗುಂಡಿಯಲ್ಲಿ ಇರುವುದು ಅದೇನಾ?

ಕೊತ್ರೂಡ್_ಅಕ್ಕ

ಅಣ್ಣಾ, ಈಗ ಟಾರ್ಚ್ ಹಿಡಿದು ಕೆಳಗೆ ಹೋಗಿ ನೋಡಿ ಬಂದೆ. ಹಳದಿ ಗೆರೆ ಇದೆ. ಕೈಗೆ ಹಳದಿ ಅಂಟಿತು, ವಾಸನೆ ಇನ್ನೂ ಹೋಗಿಲ್ಲ.

ಡೊಂಬಿವಲಿ_ಹವ್ಯಾಸಿ

ಔಂಧ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೆಕೆಯ ಗುಂಗಿನಲ್ಲಿ ಅದನ್ನು ಬಿಟ್ಟುಬಿಟ್ಟೆ. ಈ ಹುಳವನ್ನು ಎಷ್ಟೋ ನ್ಯೂಟ್‌ಗಳು ಉಗುಳುತ್ತವೆ. ಒಮ್ಮೆ ಕಹಿ ತಿಂದರೆ ಮತ್ತೆ ಹುಳ ಅಂದರೇ ಹಿಂದೆ ಸರಿಯುವುದೂ ಉಂಟು. ಹಾಗಾಗಿ ಮುಂದಿನ ತುತ್ತು ಸರಿಯಾದದ್ದೇ ಇರಬೇಕು.

ಔಂಧ್_ತೋಟ

ನನ್ನಲ್ಲಿ ಎರಡು ಥರ ಇವೆ. ಆಫ್ರಿಕನ್ ಹುಳ, ಯೂಡ್ರಿಲಸ್. ದಪ್ಪ, ಬೆನ್ನಿನ ಮೇಲೆ ನೇರಳೆ ಮಿಂಚು. ಅದು ನಾರುವುದಿಲ್ಲ, ಆದರೆ ನಿಮ್ಮ ಪುಟ್ಟನಿಗೆ ತುಂಬಾ ದೊಡ್ಡದು, ಕತ್ತರಿಸಬೇಕು. ಇನ್ನೊಂದು ತೋಟದ ಮಣ್ಣಿನದು, ಬೂದು ಬಣ್ಣದ್ದು. ಈ ಬಿಸಿಲಿಗೆ ಆಳಕ್ಕೆ ಹೋಗಿಬಿಟ್ಟಿದೆ. ಆದರೆ ನಲ್ಲಿ ಸೋರುವ ಕಡೆ ಗೋಣಿಚೀಲ ಹಾಸಿಟ್ಟಿದ್ದೇನೆ, ಅದರ ಕೆಳಗೆ ಬೆಳಿಗ್ಗೆ ಹೊತ್ತು ನಾಲ್ಕಾರು ಸಿಗುತ್ತವೆ. ನನ್ನ ಮಣ್ಣಿಗೆ ಔಷಧಿ ಹೊಡೆಯುವುದಿಲ್ಲ. ನರ್ಸರಿ ಕುಂಡದ ಹುಳ ಮಾತ್ರ ತರಬೇಡಿ, ಅಲ್ಲಿ ಏನು ಹಾಕಿರುತ್ತಾರೋ ಗೊತ್ತಾಗುವುದಿಲ್ಲ.

ಕೊತ್ರೂಡ್_ಅಕ್ಕ

ನಾಳೆ ಬೆಳಿಗ್ಗೆ ಬರಲಾ ಅಣ್ಣ? ಮೆಸೇಜ್ ಮಾಡಿದ್ದೇನೆ.

ಔಂಧ್_ತೋಟ

ಬನ್ನಿ. ಮೊಸರಿನ ಖಾಲಿ ಡಬ್ಬ ತನ್ನಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿಕೊಂಡು.

ಥಾಣೆ_ತಾರೆ

ನಡುವೆ ಒಂದು ಬೇರೆ ಪ್ರಶ್ನೆ. ಸಾಲಮಾಂಡರ್‌ಗೆ ಕನ್ನಡದಲ್ಲಿ ಏನು ಅನ್ನುತ್ತೇವೆ? ನಮ್ಮ ಮನೆಯಲ್ಲಿ ಫೋಟೋ ತೋರಿಸಿದರೆ ಅತ್ತೆ ಹಾವುರಾಣಿ ಅಂದರು.

ನೆರೂಳ್_ಟೀಚರ್

ಹಾವುರಾಣಿ ಬೇರೆ. ಅದು ಹಲ್ಲಿಯ ಕಡೆಯದು, ಮೈಮೇಲೆ ಹೊಳೆಯುವ ಹುರುಪೆ ಇರುತ್ತದೆ. ಇದು ಕಪ್ಪೆಯ ಕಡೆಯದು, ಹುರುಪೆ ಇಲ್ಲ, ಒದ್ದೆ ಚರ್ಮ. ಕರ್ನಾಟಕದಲ್ಲಿ ಸಾಲಮಾಂಡರ್ ಇಲ್ಲವೇ ಇಲ್ಲ, ಕಾಣದ ಪ್ರಾಣಿಗೆ ಜನ ಹೆಸರಿಡುವುದು ಹೇಗೆ? ನಾನು ಮಕ್ಕಳಿಗೆ ಬಾಲ ಉಳಿಸಿಕೊಂಡ ಕಪ್ಪೆ ಅಂತ ಹೇಳಿಕೊಡುತ್ತೇನೆ.

ಪೋಂಡಾ_ಅಡಿಕೆ

ಟೀಚರ್, ಕಾಲೇ ಇಲ್ಲದ ಕಪ್ಪೆ ಜಾತಿಯದ್ದೂ ಇದೆ ಅಲ್ವಾ? ನಮ್ಮ ತೋಟದ ಗೊಬ್ಬರದ ಗುಂಡಿ ಮಗುಚುವಾಗ ಬರುತ್ತದೆ. ದೊಡ್ಡ ಎರೆಹುಳದ ಹಾಗೆ, ನುಣ್ಣಗೆ, ಕಣ್ಣು ಚುಕ್ಕೆಯಷ್ಟು. ಕೆಲಸದವರು ಹಾವಿನ ಮರಿ ಅಂತ ಹಾರೆಯಲ್ಲಿ ಹೊಡೆಯುತ್ತಿದ್ದರು. ನಾನೂ ಚಿಕ್ಕವನಿದ್ದಾಗ ಒಂದನ್ನು ಹೊಡೆದಿದ್ದೇನೆ. ಆಮೇಲೆ ಒಬ್ಬರು ಬಂದು ಇದು ಹಾವಲ್ಲ, ಕಚ್ಚುವುದಿಲ್ಲ, ವಿಷ ಹಲ್ಲಿಲ್ಲ ಅಂತ ತಿಳಿಸಿದರು. ಆ ದಿನದಿಂದ ನಮ್ಮ ತೋಟದಲ್ಲಿ ಹೊಡೆಯುವುದು ನಿಂತಿದೆ.

ನೆರೂಳ್_ಟೀಚರ್

ಹೌದು, ಅವು ಸಿಸಿಲಿಯನ್‌ಗಳು. ಗೋವಾದ ಹೆಸರಿನದೇ ಒಂದಿದೆ, ಗೆಜೆನಿಯೋಫಿಸ್ ಗೋವೆನ್ಸಿಸ್, 2007ರಲ್ಲಿ ಹೆಸರಿಟ್ಟದ್ದು. ಮ್ಹಾದೇಯಿ ನದಿಯ ಹೆಸರಿನದೂ ಒಂದಿದೆ. ಮಣ್ಣೊಳಗೆ ಎರೆಹುಳ, ಗೆದ್ದಲು ತಿಂದು ಬದುಕುತ್ತವೆ. ನಿಮ್ಮ ತೋಟದಲ್ಲಿ ಇರುವುದು ಭಾಗ್ಯ.

ಮಡಗಾಂವ್_ಮಾಣಿ

ಪೋಂಡಾ ಅಣ್ಣ, ಒಂದು ಸಿಕ್ಕಿದರೆ ಡಬ್ಬದಲ್ಲಿ ಇಟ್ಟು ನನಗೆ ತಿಳಿಸಿ, ಸಾಕಿ ನೋಡುತ್ತೇನೆ.

ಪೋಂಡಾ_ಅಡಿಕೆ

ಇಲ್ಲ ತಮ್ಮ. ಕೊಡುವುದಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಬಾ, ಅದು ಇರುವಲ್ಲೇ ತೋರಿಸುತ್ತೇನೆ. ಈ ಅಕ್ಕನ ಪಾಡು ಓದಿದ ಮೇಲೂ ಹಿಡಿಯುವ ಮಾತು ಬೇಡ.

ಮಡಗಾಂವ್_ಮಾಣಿ

ಸರಿ ಅಣ್ಣ. ಜೂನ್‌ನಲ್ಲಿ ಬರುತ್ತೇನೆ.

ಡೊಂಬಿವಲಿ_ಹವ್ಯಾಸಿ

ಅಕ್ಕ, ನಾಳೆ ಹುಳ ಬಂದ ಮೇಲೆ ಹೀಗೆ ಮಾಡಿ. ಹುಳವನ್ನು ಚೆನ್ನಾಗಿ ತೊಳೆದು ಕತ್ತರಿಯಲ್ಲಿ ಒಂದು ಸೆಂಟಿಮೀಟರ್ ತುಂಡು ಮಾಡಿ. ಹೊತ್ತು ಮುಳುಗಿದ ಮೇಲೆ ಲೈಟ್ ಆರಿಸಿ, ಪಕ್ಕದ ಕೋಣೆಯ ಬೆಳಕು ಸ್ವಲ್ಪ ಬಂದರೆ ಸಾಕು. ತುದಿ ಮೊಂಡಾದ ಚಿಮಟದಲ್ಲಿ ಹಿಡಿದು ಮೂತಿಯಿಂದ ಎರಡು ಬೆರಳು ದೂರದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಮೂತಿಗೆ ತಾಗಿಸಬೇಡಿ. ಅದರ ಕಣ್ಣಿಗೆ ಅಲುಗಾಡುವುದೇ ಊಟ. ಮೀನಿನ ಕಾಳು ಅದಕ್ಕೆ ಕಲ್ಲಿಗೆ ಸಮ. ಹತ್ತು ನಿಮಿಷ ನೋಡಿ, ತಿನ್ನದಿದ್ದರೆ ತೆಗೆದು ಮಾರನೇ ದಿನ ಮತ್ತೆ.

ಮುಲುಂಡ್_ಶೆಟ್ರು

ತೂಕ ನೋಡಿ ಇಡುವುದು ಒಳ್ಳೆಯದು. ನಮ್ಮ ಭಾವನ ಬಂಗಾರದ ಅಂಗಡಿಯಲ್ಲಿ ಬಳಸುವ ಸಣ್ಣ ತಕ್ಕಡಿ ಆನ್‌ಲೈನ್‌ನಲ್ಲೂ ಸಿಗುತ್ತದೆ. ಒದ್ದೆ ಡಬ್ಬ ಮೊದಲು ಇಟ್ಟು ಸೊನ್ನೆ ಮಾಡಿ, ಆಮೇಲೆ ಅದನ್ನು ಕೂರಿಸಿ. ವಾರಕ್ಕೆ ಒಂದೇ ಸಲ, ಜಾಸ್ತಿ ಬೇಡ.

ಕೊತ್ರೂಡ್_ಅಕ್ಕ | ಏಪ್ರಿಲ್ 29, ರಾತ್ರಿ 10

ಔಂಧ್ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ತಿಂಡಿ ಕೊಡದೆ ಬಿಡಲಿಲ್ಲ. ಬೂದು ಹುಳ ಒಂಬತ್ತು ಸಿಕ್ಕವು. ತೂಕ 2.1 ಗ್ರಾಂ.

ಇವತ್ತು ತಿನ್ನಲಿಲ್ಲ. ತುಂಡನ್ನು ನೋಡಿತು, ಎರಡು ಹೆಜ್ಜೆ ಬಂತು, ನಿಂತಿತು. ತೆಗೆದೆ.

ಡೊಂಬಿವಲಿ_ಹವ್ಯಾಸಿ

ಎರಡು ಹೆಜ್ಜೆ ಬಂದದ್ದು ದೊಡ್ಡ ವಿಷಯ. ನಾಳೆ ಅದೇ ಹೊತ್ತು, ಅದೇ ಮೂಲೆ.

ಕೊತ್ರೂಡ್_ಅಕ್ಕ | ಏಪ್ರಿಲ್ 30, ರಾತ್ರಿ 9:20

ಇವತ್ತೂ ಇಲ್ಲ. ಕರೆಂಟ್ ಎರಡು ತಾಸು ಹೋಗಿತ್ತು, ನೀರು 26 ಆಯ್ತು. ಮಗಳು, ನಾನು ಪಾಳಿ ಮೇಲೆ ಪೇಪರಿನಿಂದ ಬೀಸಿದೆವು.

ಹುಬ್ಳಿ_ಹುಡ್ಗ_ಪಿಂಪ್ರಿ

ಫ್ರೀಜರ್‌ನಾಗ ಯಾವಾಗಲೂ ಎರಡು ಬಾಟಲಿ ಹೆಚ್ಚಿಗೆ ಇಟ್ಟಿರ್ರಿ ಅಕ್ಕಾರ. ಟ್ಯಾಂಕಿನ ಹೊರಗ ಒದ್ದೆ ಟವೆಲ್ ಸುತ್ತಿದರೂ ತಂಪು ನಿಲ್ತದ.

ಕೊತ್ರೂಡ್_ಅಕ್ಕ | ಮೇ 1, ರಾತ್ರಿ 8:50

ತಿಂದಿತು!!

ಕೈ ಇನ್ನೂ ನಡುಗುತ್ತಿದೆ. ಲೈಟ್ ಆರಿಸಿ ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದ್ದೆ. ಕುಂಡದ ಚೂರಿನಿಂದ ತಲೆ ಹೊರಗೆ ಹಾಕಿತು. ತುಂಡು ಅಲ್ಲಾಡಿಸಿದೆ. ಮೆಲ್ಲಗೆ ಬಂದು ತಲೆ ಒಂದು ಪಕ್ಕಕ್ಕೆ ಓರೆ ಮಾಡಿ ಸುಮ್ನೆ ನಿಂತುಬಿಟ್ಟಿತು. ಎಷ್ಟು ಹೊತ್ತು ಅಂದರೆ ನನ್ನ ಕೈ ಜೋಮು ಹಿಡಿಯಿತು. ಆಮೇಲೆ ಒಮ್ಮೆಲೇ ಕಚ್! ಹುಳದ ಎರಡೂ ತುದಿ ಬಾಯಿಯ ಆಚೆ ಈಚೆ ಮೀಸೆಯ ಹಾಗೆ ಜೋತಾಡುತ್ತಿತ್ತು. ನಾಲ್ಕು ಸಲ ತಲೆ ಕೊಡವಿತು. ನುಂಗುವಾಗ ಕಣ್ಣು ಎರಡೂ ತಲೆಯೊಳಗೆ ಇಳಿದು ಮತ್ತೆ ಮೇಲೆ ಬಂದವು. ಅದು ಸರೀನಾ ಟೀಚರ್?

ಐದು ನಿಮಿಷ ಬಿಟ್ಟು ಇನ್ನೊಂದು ತುಂಡು ಕೊಟ್ಟೆ. ಅದನ್ನೂ ತಿಂದಿತು. ಮಗಳು ಬಾಗಿಲ ಸಂದಿಯಲ್ಲಿ ನಿಂತು ಬಾಯಿ ಮುಚ್ಚಿಕೊಂಡು ಕುಣಿಯುತ್ತಿದ್ದಳು.

ನೆರೂಳ್_ಟೀಚರ್

ಪೂರ್ತಿ ಸರಿ. ಕಪ್ಪೆಯೂ ಹಾಗೇ ಮಾಡುತ್ತದೆ, ಕಣ್ಣುಗುಡ್ಡೆ ಕೆಳಗೆ ಒತ್ತಿ ತುತ್ತನ್ನು ಗಂಟಲಿಗೆ ತಳ್ಳುತ್ತದೆ. ಕಣ್ಣಲ್ಲಿ ನೀರು ಬಂತು ಅಕ್ಕ, ನಿಜವಾಗಿ.

ಮುಲುಂಡ್_ಶೆಟ್ರು

ಒಳ್ಳೆಯದಾಯಿತು ಅಕ್ಕ. ಬಿಟ್ಟುಬಿಡಿ ಅಂತ ಹೇಳಿದ್ದು ನಾನೇ, ನೀವು ಕೇಳದೇ ಇದ್ದದ್ದು ಒಳ್ಳೆಯದಾಯ್ತು.

ಡೊಂಬಿವಲಿ_ಹವ್ಯಾಸಿ

ಶಭಾಷ್. ಇವತ್ತಿಗೆ ಎರಡೇ ಸಾಕು, ಇಷ್ಟು ದಿನ ಖಾಲಿ ಇದ್ದ ಹೊಟ್ಟೆ. ಇನ್ನು ಎರಡು ದಿನಕ್ಕೊಮ್ಮೆ ಎರಡು ಮೂರು ತುಂಡು. ಹಿಕ್ಕೆ ಹಾಕಿದರೆ ಅದನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಪ್ರಾಣಿಗಳ ಡಾಕ್ಟರಿಗೆ ಕೊಡಿ, ಹಿಡಿದು ತಂದವುಗಳ ಹೊಟ್ಟೆಯಲ್ಲಿ ಜಂತುಹುಳ ಇರುವುದು ಮಾಮೂಲು. ನಾಯಿ ಬೆಕ್ಕು ಮಾತ್ರ ನೋಡುವವರ ಬದಲು ಆಮೆ, ಹಕ್ಕಿ ನೋಡುವ ಡಾಕ್ಟರ್ ಆದರೆ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಸಣ್ಣ ಕೆಂಪು ಹುಳ) ಕೂಡ ತಂದಿಡಿ, ಹುಳ ಸಿಗದ ದಿನಕ್ಕೆ ಬೇಕಾಗುತ್ತದೆ. ಮೊದಮೊದಲು ಅದನ್ನೂ ಚಿಮಟದಲ್ಲಿ ಹಿಡಿದು ಅಲ್ಲಾಡಿಸಬೇಕು.

ಥಾಣೆ_ತಾರೆ

ಹೆಸರು ಇಟ್ಟಿರಾ?

ಕೊತ್ರೂಡ್_ಅಕ್ಕ

ಮಗಳು ಕೆಂಡ ಅಂತ ಇಟ್ಟಿದ್ದಾಳೆ, ಹೊಟ್ಟೆಯ ಬಣ್ಣಕ್ಕೆ.

ಕೊತ್ರೂಡ್_ಅಕ್ಕ | ಮೇ 13

ತೂಕ 2.4 ಗ್ರಾಂ. ಸೊಂಟದ ಮೂಳೆ ಈಗ ಅಷ್ಟು ಕಾಣುವುದಿಲ್ಲ. ಹಿಕ್ಕೆಯಲ್ಲಿ ಜಂತು ಇತ್ತು, ಡಾಕ್ಟರ್ ಔಷಧಿ ಕೊಟ್ಟಿದ್ದಾರೆ. ತಮ್ಮ ಫೋನ್ ಮಾಡಿ ಅದಕ್ಕೆ ಜೊತೆಗೆ ಇನ್ನೊಂದು ಕೊಡಿಸುತ್ತೇನೆ ಅಂದ. ಬೇಡ, ನೀನು ಕೊಂಡರೆ ಅವರು ಇನ್ನೊಂದು ಹಿಡಿಯುತ್ತಾರೆ ಅಂತ ಹೇಳಿದೆ.

ಔಂಧ್ ಅಣ್ಣ, ಹುಳ ಮುಗಿಯುತ್ತಾ ಬಂತು. ಭಾನುವಾರ ಬರಬಹುದಾ?

ಔಂಧ್_ತೋಟ

ಭಾನುವಾರ ನಾನೇ ಕರ್ವೆ ರಸ್ತೆ ಕಡೆ ಬರುವುದಿದೆ. ಡಬ್ಬ ತೊಳೆದಿಡಿ. ಕೆಂಡನನ್ನು ನಾನೂ ಒಮ್ಮೆ ನೋಡಬೇಕು.